ಹಳೆಯ ಗಿರಣಿಯಲ್ಲಿ ಊಟ: ಮೇಜಿನ ಪಕ್ಕ ತೂಗುತ್ತಿದ್ದ ಆ ಗಂಟೆ ಯಾವುದಕ್ಕೆ?

ಮಳೆಹಾದಿ

ಹೋದ ವಾರ ನಾವಿಬ್ಬರೂ ಒಂದು ಹಳೆಯ ನೀರಗಿರಣಿಯಲ್ಲಿ ರಾತ್ರಿ ಊಟ ಮಾಡಿ ಬಂದೆವು. ಗಿರಣಿ ನಿಂತು ಎಷ್ಟೋ ಕಾಲವಾಗಿದೆ, ಈಗ ಅದು ರೆಸ್ಟೋರೆಂಟು. ಒಟ್ಟು ಹನ್ನೆರಡೋ ಹದಿಮೂರೋ ಮೇಜು. ಮೊಳದಗಲಕ್ಕೂ ಮೀರಿದ ಕಲ್ಲುಗೋಡೆ, ಕೈ ಎತ್ತಿದರೆ ತಾಕುವಂಥ ತೊಲೆಗಳು, ಒಬ್ಬರು ಕಾಲು ಮಡಚಿ ಕೂರಬಹುದಾದಷ್ಟು ಆಳದ ಕಿಟಕಿಗೂಡುಗಳು. ಹೊರಗೆ ಜಡಿಮಳೆ. ಒಳಗೆ ಬಿಸಿ ಸೂಪು, ಆಗಷ್ಟೇ ಕತ್ತರಿಸಿದ ಬ್ರೆಡ್ಡು, ಕಾಲಡಿಯಲ್ಲೆಲ್ಲೋ ನೀರು ಹರಿಯುವ ಸದ್ದು. ಎರಡು ಗಂಟೆ ಕೂತಿದ್ದೆವು, ಇಬ್ಬರೂ ಒಮ್ಮೆಯೂ ಫೋನ್ ತೆಗೆಯಲಿಲ್ಲ.

ಅಲ್ಲಿಂದ ಬಂದಮೇಲೂ ತಲೆಯಲ್ಲಿ ಉಳಿದಿರುವುದು ಒಂದು ಸಣ್ಣ ವಸ್ತು. ನಮ್ಮ ಮೇಜಿನ ಪಕ್ಕದಲ್ಲೇ ಬೀಸುವ ಕಲ್ಲಿನ ಜೋಡಿ ಇತ್ತು, ಅದರ ಮೇಲೆ ಬಾಯಗಲದ ಮರದ ತೊಟ್ಟಿ. ತೊಟ್ಟಿಯ ಅಂಚಿನಲ್ಲಿ ಅಂಗೈಯಷ್ಟಿರುವ ಹಿತ್ತಾಳೆ ಗಂಟೆ. ಗಂಟೆಗೆ ಕಟ್ಟಿದ, ಒಣಗಿ ಬಿರುಕುಬಿಟ್ಟ ಚರ್ಮದ ಪಟ್ಟಿ. ಪಟ್ಟಿಯ ಇನ್ನೊಂದು ತುದಿ ತೊಟ್ಟಿಯೊಳಗೆ ಹೋಗಿ ಕತ್ತಲಲ್ಲಿ ಮರೆ. ಬಡಿಸುತ್ತಿದ್ದ ಹುಡುಗಿಯನ್ನು ಕೇಳಿದೆ. "ಊಟದ ಹೊತ್ತಾಯಿತು ಅಂತ ಕೆಲಸದವರನ್ನು ಕರೆಯೋದಕ್ಕೆ ಇತ್ತಂತೆ" ಅಂದಳು. ಮೇಜಿನ ಮೇಲಿಟ್ಟ ಕಾರ್ಡಿನಲ್ಲೂ ಹಾಗೇ ಇತ್ತು. ಆದರೆ ಜನರನ್ನು ಕರೆಯುವ ಗಂಟೆಯನ್ನು ಕಾಳಿನ ತೊಟ್ಟಿಯೊಳಗೆ ಯಾಕೆ ಕಟ್ಟುತ್ತಾರೆ?

ಗೊತ್ತಿರುವವರು ಹೇಳಿ. ಇಂಥ ಜಾಗಗಳಲ್ಲಿ ಉಂಡವರಿದ್ದರೆ ನಿಮ್ಮ ಅನುಭವವನ್ನೂ ಬರೆಯಿರಿ.

ಮೌನಪ್ರಿಯೆ

ಗಂಟೆಯ ವಿಷಯ ನನಗೆ ಗೊತ್ತಿಲ್ಲ, ಅನುಭವ ಮಾತ್ರ ನಿಮ್ಮದಕ್ಕೆ ತದ್ವಿರುದ್ಧ. ನಾವು ಹೋದದ್ದು ಹಳೆಯ ಬಟ್ಟೆಗಿರಣಿಯಲ್ಲಿ ಮಾಡಿದ ರೆಸ್ಟೋರೆಂಟಿಗೆ. ಅಮ್ಮನ ಹುಟ್ಟುಹಬ್ಬ. ಅವರಿಗೆ ಒಂದು ಕಿವಿ ಸ್ವಲ್ಪ ಮಂದ. ಇಟ್ಟಿಗೆಯ ಕಮಾನು ಚಾವಣಿ, ಎರಕದ ಕಬ್ಬಿಣದ ಕಂಬ, ಕೆಳಗೆ ಪಾಲಿಶ್ ಮಾಡಿದ ಕಾಂಕ್ರೀಟು. ನೋಡಲು ಕಣ್ಣು ಸಾಲದು. ಆದರೆ ಅರ್ಧ ಗಂಟೆಯಲ್ಲಿ ಜನ ತುಂಬಿದರು ನೋಡಿ, ಆಮೇಲೆ ಅಮ್ಮ ಸುಮ್ಮನೆ ನಗುತ್ತಾ ತಲೆಯಾಡಿಸುತ್ತಾ ಕೂತರು. ಅವರಿಗೆ ಒಂದು ಮಾತೂ ಕೇಳಿಸುತ್ತಿರಲಿಲ್ಲ. ಅದು ಗೊತ್ತಾದದ್ದು ಕಾರಿನಲ್ಲಿ ವಾಪಸು ಬರುವಾಗ. ನನಗೆ ಇವತ್ತಿಗೂ ಬೇಸರ.

ಗೋಡೆ ಎಷ್ಟು ಹಳೆಯದು ಅನ್ನುವುದಕ್ಕಿಂತ ಎದುರು ಕೂತವರ ಮಾತು ಕೇಳಿಸುತ್ತದಾ ಅನ್ನುವುದು ನನಗೆ ಮುಖ್ಯ.

ಉಳಿಪೆಟ್ಟು

ಮಳೆಹಾದಿಯವರೇ, ನಿಮ್ಮ ಅನುಮಾನ ಸರಿ. ಅದು ಊಟಕ್ಕೆ ಕರೆಯುವ ಗಂಟೆ ಅಲ್ಲವೇ ಅಲ್ಲ. ಗಿರಣಿಯ ಪ್ರಾಣ ಉಳಿಸುವ ಗಂಟೆ.

ಬೀಸುವ ಕಲ್ಲು ಎರಡು. ಅಡಿಗಲ್ಲು ಅಲುಗುವುದಿಲ್ಲ, ಮೇಲ್ಗಲ್ಲು ತಿರುಗುತ್ತದೆ. ನಾಲ್ಕಡಿ ಅಡ್ಡಳತೆಯ ಮೇಲ್ಗಲ್ಲು ಹೆಚ್ಚುಕಡಿಮೆ ಒಂದು ಟನ್ ತೂಗುತ್ತದೆ, ನಿಮಿಷಕ್ಕೆ 100-120 ಸುತ್ತು ಹಾಕುತ್ತದೆ. ಅಂಚಿನಲ್ಲಿ ಎರಡರ ನಡುವಿನ ಸಂದು ತೆಳು ಕಾಗದದಷ್ಟು. ಆ ಸಂದಿನಲ್ಲಿ ಕಾಳು ಇರುವವರೆಗೆ ಕಲ್ಲಿಗೆ ಕಲ್ಲು ತಾಗುವುದಿಲ್ಲ. ಕಾಳು ಮುಗಿಯಿತೋ, ಕಲ್ಲಿನ ಮೇಲೆ ಕಲ್ಲು ಓಡುತ್ತದೆ. ವಾರಗಟ್ಟಲೆ ಉಳಿ ಹಿಡಿದು ಎಬ್ಬಿಸಿದ ಹಲ್ಲುಗಳು ಸವೆದು ಹಾಳು. ಅದು ಕಡಿಮೆ ಪೆಟ್ಟು. ದೊಡ್ಡ ಪೆಟ್ಟು ಅಂದರೆ ಕಿಡಿ. ಗಾಳಿಯ ತುಂಬ ಹಿಟ್ಟಿನ ದೂಳಿರುವ ಕಟ್ಟಡದಲ್ಲಿ ಒಂದು ಕಿಡಿ.

ಅದಕ್ಕೇ ಆ ಚರ್ಮದ ಪಟ್ಟಿ. ಅದರ ತುದಿಯನ್ನು ತೊಟ್ಟಿಯ ಒಳಗೆ ಕೆಳಗಡೆ ಹಾಯಿಸಿ ಮೇಲೆ ಕಾಳು ಸುರಿಯುತ್ತಾರೆ. ಕಾಳಿನ ಭಾರ ಪಟ್ಟಿಯನ್ನು ಅದುಮಿ ಹಿಡಿಯುತ್ತದೆ, ಪಟ್ಟಿ ಗಂಟೆಯನ್ನು ಮೇಲಕ್ಕೆ ಎಳೆದು ನಿಲ್ಲಿಸುತ್ತದೆ. ಕಾಳು ಇಳಿಯುತ್ತಾ ಬಂದು ತಳ ಮುಟ್ಟುವ ಹೊತ್ತಿಗೆ ಭಾರ ಹೋಗುತ್ತದೆ, ಪಟ್ಟಿ ಸಡಿಲವಾಗುತ್ತದೆ, ಗಂಟೆ ಕೆಳಗೆ ಜಾರಿ ಅಲ್ಲಾಡುವ ಭಾಗಕ್ಕೆ ತಾಗಿ ಬಡಿದುಕೊಳ್ಳುತ್ತದೆ. ಗಿರಣಿಯವನು ಅಟ್ಟದಲ್ಲಿ ಮೂಟೆ ಎಳೆಯುತ್ತಿದ್ದರೂ, ರಾತ್ರಿ ಪಾಳಿಯಲ್ಲಿ ಕಣ್ಣು ಎಳೆಯುತ್ತಿದ್ದರೂ ಓಡಿ ಬರಬೇಕು.

ಇನ್ನೊಂದನ್ನು ನೋಡಿದಿರಾ? ಕಲ್ಲಿನ ನಡುವಿನಿಂದ ಮೇಲೆದ್ದ ಚೌಕಾಕಾರದ ಕಬ್ಬಿಣದ ಕಡ್ಡಿ? ಅದು ತಿರುಗುವಾಗ ಮೂಲೆಗಳು ಕಾಳಿನ ಜಾರುತಟ್ಟೆಗೆ ಟಕಟಕ ಬಡಿದು ಕಾಳನ್ನು ಕುಲುಕಿ ಬೀಳಿಸುತ್ತವೆ. ಕಲ್ಲು ಜೋರಾಗಿ ತಿರುಗಿದರೆ ಬಡಿತವೂ ಜೋರು, ಕಾಳೂ ಜಾಸ್ತಿ. ಯಾರೂ ನಿಂತು ಲೆಕ್ಕ ಹಾಕಬೇಕಿಲ್ಲ. ಇಂಗ್ಲಿಷಿನವರು ಅದಕ್ಕೆ ಡ್ಯಾಮ್ಸೆಲ್ ಅನ್ನುತ್ತಾರೆ.

ನಮ್ಮಜ್ಜ ಬೀಸುವ ಕಲ್ಲಿಗೆ ಉಳಿ ಹೊಡೆಯುತ್ತಿದ್ದರು. ಅವರ ಎಡಗೈ ಬೆನ್ನಿನ ಮೇಲೆ ಸಣ್ಣ ಸಣ್ಣ ಕಪ್ಪು ಚುಕ್ಕೆಗಳಿದ್ದವು, ಉಳಿಯಿಂದ ಸಿಡಿದ ಉಕ್ಕಿನ ಚೂರುಗಳು ಚರ್ಮದೊಳಗೇ ಉಳಿದಿದ್ದವು. ಕಲ್ಲನ್ನು ಗೋಡೆಗೆ ಆನಿಸಿ ಶೋಕಿಗೆ ಇಟ್ಟದ್ದನ್ನು ಕಂಡರೆ ನಾನು ಮೊದಲು ಹಲ್ಲುಗಳ ಮೇಲೆ ಬೆರಳಾಡಿಸುತ್ತೇನೆ. ಯಾರದೋ ಕೈ ಅಲ್ಲಿರುತ್ತದೆ.

ಬೆಳಕಿಂಡಿ

ಉಳಿಪೆಟ್ಟು ಅವರೇ, ಎರಡು ಸಲ ಓದಿದೆ. ಹಿಟ್ಟು ಸಿಡಿಯುತ್ತದೆ ಅಂದರೆ ನಂಬಲು ಕಷ್ಟ. ಗೋಧಿ ಹಿಟ್ಟೇ?

ಹಳೇಪೇಪರ್

ಗೋಧಿ ಹಿಟ್ಟೇ. 1878ರ ಮೇ 2ರಂದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ವಾಶ್‌ಬರ್ನ್ 'ಎ' ಗಿರಣಿ ಹಿಟ್ಟಿನ ದೂಳಿಗೆ ಬೆಂಕಿ ತಗುಲಿ ಸಿಡಿಯಿತು. ಪಕ್ಕದ ಗಿರಣಿಗಳೂ ಸೇರಿ 18 ಜನ ಸತ್ತರು. ರಾಶಿ ಹಾಕಿದ ಹಿಟ್ಟು ಸುಲಭಕ್ಕೆ ಉರಿಯುವುದಿಲ್ಲ. ಗಾಳಿಯಲ್ಲಿ ತೇಲುವಾಗ ಪ್ರತಿ ಕಣಕ್ಕೂ ಸುತ್ತ ಗಾಳಿ ಸಿಗುತ್ತದೆ, ಒಂದರಿಂದ ಒಂದಕ್ಕೆ ಕ್ಷಣದಲ್ಲಿ ಹತ್ತುತ್ತದೆ. ಆ ದುರಂತದ ನಂತರ ಗಿರಣಿಗಳಲ್ಲಿ ದೂಳು ಹೀರುವ ವ್ಯವಸ್ಥೆ ಬಂತು. ಮತ್ತೆ ಕಟ್ಟಿದ ಗಿರಣಿ 1965ರವರೆಗೆ ನಡೆದು, 1991ರಲ್ಲಿ ಬೆಂಕಿಗೆ ಆಹುತಿಯಾಗಿ, ಉಳಿದ ಗೋಡೆಗಳ ನಡುವೆಯೇ 2003ರಲ್ಲಿ ವಸ್ತುಸಂಗ್ರಹಾಲಯವಾಯಿತು. ಸುಟ್ಟ ಗೋಡೆಯನ್ನು ತೇಪೆ ಹಾಕಿ ಹೊಸದಾಗಿಸಲಿಲ್ಲ, ಹಾಗೇ ಬಿಟ್ಟಿದ್ದಾರೆ. ಅದು ಸರಿಯಾದ ಕೆಲಸ ಅಂತ ನನ್ನ ಅಭಿಪ್ರಾಯ.

ಗಿರಣಿಯೊಳಗೆ ಊಟ ಅಂದಾಗ ನನಗೆ ನೆನಪಾಗುವುದು ಇಂಗ್ಲೆಂಡಿನ ಸಾಲ್ಟೇರ್. ಟೈಟಸ್ ಸಾಲ್ಟ್ ಎಂಬ ಉದ್ಯಮಿ ಉಣ್ಣೆ ಗಿರಣಿ ಕಟ್ಟಿಸಿ 1853ರ ಸೆಪ್ಟೆಂಬರಿನಲ್ಲಿ, ತನ್ನ ಐವತ್ತನೇ ಹುಟ್ಟುಹಬ್ಬದ ದಿನ, ಅದನ್ನು ತೆರೆದ. ಆವತ್ತು ಉಣ್ಣೆ ಬಾಚುವ ಶೆಡ್ಡಿನಲ್ಲೇ ಎಲೆ ಹಾಕಿದ ಹಾಗೆ ಉದ್ದಕ್ಕೂ ಮೇಜು ಹಾಕಿ 3,000ಕ್ಕೂ ಹೆಚ್ಚು ಜನರಿಗೆ ಔತಣ ಕೊಟ್ಟರು. ಅವರಲ್ಲಿ ಹೆಚ್ಚಿನವರು ಕೆಲಸಗಾರರೇ. ಯಂತ್ರ ಓಡುವ ಮೊದಲೇ ಆ ಕಟ್ಟಡ ಊಟದ ಮನೆಯಾಗಿತ್ತು! 1986ರಲ್ಲಿ ಗಿರಣಿ ನಿಂತಿತು, ಮರುವರ್ಷ ಜೊನಾಥನ್ ಸಿಲ್ವರ್ ಅದನ್ನು ಕೊಂಡು ಚಿತ್ರಶಾಲೆ, ಅಂಗಡಿ, ಊಟದ ಮನೆ ಎಲ್ಲ ಮಾಡಿದರು. 2001ರಿಂದ ಆ ಊರೇ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ.

ತೊಲೆಕಂಬ

ಹಳೆಯ ಕಟ್ಟಡಗಳ ದುರಸ್ತಿ ನನ್ನ ವೃತ್ತಿ. ಮಳೆಹಾದಿ ಮತ್ತು ಮೌನಪ್ರಿಯೆ ಇಬ್ಬರ ಮಾತೂ ನಿಜ, ಯಾಕೆಂದರೆ ಅವರು ಕೂತದ್ದು ಎರಡು ಬೇರೆ ಜಾತಿಯ ಕಟ್ಟಡದಲ್ಲಿ.

ಹಿಟ್ಟಿನ ಹಳೆಯ ಗಿರಣಿ ಸಣ್ಣದು, ಎತ್ತರದ್ದು. ಮೂಟೆಯನ್ನು ಒಮ್ಮೆ ಅಟ್ಟಕ್ಕೆ ಏರಿಸಿದರೆ ಸಾಕು, ಆಮೇಲೆ ಕಾಳು ತನ್ನ ಭಾರಕ್ಕೇ ಇಳಿಯುತ್ತದೆ: ಅಟ್ಟದಿಂದ ಕಲ್ಲಿಗೆ, ಕಲ್ಲಿನಿಂದ ಕೆಳಗಿನ ಚೀಲಕ್ಕೆ. ಹಾಗಾಗಿ ಅಂತಸ್ತುಗಳು ತಗ್ಗು, ಕಿಟಕಿ ಕಿರಿದು, ಮರದ ನೆಲ, ಮರದ ಚಾವಣಿ. ಮನೆಯ ಬೆಚ್ಚನೆ ಭಾವ ಬರುವುದು ಅಲ್ಲಿಂದಲೇ. ಬಟ್ಟೆಗಿರಣಿಗೆ ಬೇಕಿದ್ದದ್ದು ಬೇರೆ. ಉದ್ದುದ್ದ ಯಂತ್ರಗಳ ಸಾಲು, ನೂಲು ಕಾಣುವಷ್ಟು ಹಗಲು ಬೆಳಕು, ಬೆಂಕಿಗೆ ಹೆದರದ ಕಟ್ಟಡ. 1797ರಲ್ಲಿ ಚಾರ್ಲ್ಸ್ ಬೇಜ್ ಇಂಗ್ಲೆಂಡಿನ ಶ್ರೂಸ್‌ಬರಿಯಲ್ಲಿ ಕಟ್ಟಿದ ನಾರಗಸೆ (ಲಿನನ್ ಬಟ್ಟೆಯ ನಾರು) ಗಿರಣಿ ಜಗತ್ತಿನ ಮೊದಲ ಕಬ್ಬಿಣದ ಚೌಕಟ್ಟಿನ ಕಟ್ಟಡ. ಮರದ ಬದಲು ಕಬ್ಬಿಣದ ಕಂಬ, ಕಬ್ಬಿಣದ ತೊಲೆ, ನಡುವೆ ಇಟ್ಟಿಗೆಯ ಕಮಾನು. ಅದನ್ನೂ ದುರಸ್ತಿ ಮಾಡಿ 2022ರಲ್ಲಿ ಜನರಿಗೆ ತೆರೆದರು. ಅದೇ ಕಬ್ಬಿಣ, ಇಟ್ಟಿಗೆ ಇವತ್ತು ನಿಮ್ಮ ಅಮ್ಮನ ಕಿವಿಗೆ ಶತ್ರುವಾಯಿತು ಮೇಡಂ.

ಇದರಲ್ಲಿ ಗುಟ್ಟೇನಿಲ್ಲ. ಹಾರ್ವರ್ಡಿನ ವಾಲೇಸ್ ಸಬೀನ್ 1890ರ ದಶಕದಲ್ಲಿ ಕುರ್ಚಿಯ ಮೆತ್ತೆಗಳನ್ನು ಒಂದು ಸಭಾಂಗಣಕ್ಕೆ ಹೊತ್ತು ತಂದು, ಹೊತ್ತು ಒಯ್ದು ಅಳೆದ. ಕೋಣೆಯ ಗಾತ್ರ ಹೆಚ್ಚಿದಷ್ಟೂ ಸದ್ದು ಸುಳಿದಾಡುವ ಹೊತ್ತು ಹೆಚ್ಚುತ್ತದೆ, ಸದ್ದು ಹೀರುವ ವಸ್ತು ಹೆಚ್ಚಿದಷ್ಟೂ ಆ ಹೊತ್ತು ಇಳಿಯುತ್ತದೆ. ಇಟ್ಟಿಗೆ, ಗಾಜು, ಕಾಂಕ್ರೀಟು ಹೆಚ್ಚುಕಡಿಮೆ ಏನನ್ನೂ ಹೀರುವುದಿಲ್ಲ. ಅದರ ಮೇಲೆ ಜನರ ಸ್ವಭಾವ ಬೇರೆ: ಗದ್ದಲದಲ್ಲಿ ನಾವು ಗೊತ್ತಿಲ್ಲದೆಯೇ ದನಿ ಏರಿಸುತ್ತೇವೆ. ಫ್ರಾನ್ಸಿನ ವೈದ್ಯ ಲೊಂಬಾರ್ 1911ರಲ್ಲಿ ಇದನ್ನು ಬರೆದಿಟ್ಟ. ಒಂದು ಮೇಜಿನವರು ಏರಿಸಿದರೆ ಪಕ್ಕದವರೂ ಏರಿಸುತ್ತಾರೆ, ಅರ್ಧ ಗಂಟೆಗೆ ಸಂತೆ.

ಕಮಾನುಗಳ ಹೊಟ್ಟೆಗೆ ಸದ್ದು ಹೀರುವ ಹಾಳೆ ಅಂಟಿಸಿದರೆ ಅಂದ ಕೆಡುತ್ತದೆ ಅಂತ ಮಾಲೀಕರು ಹೆದರುತ್ತಾರೆ. ಕೆಡಿಸದೆ ಮಾಡಬಹುದು. ಮೇಜುಗಳ ಅಡಿಭಾಗಕ್ಕೆ ದಪ್ಪ ಫೆಲ್ಟು, ಕಿಟಕಿಗೆ ಭಾರದ ಪರದೆ, ಕುರ್ಚಿಗೆ ಮೆತ್ತೆ. ಯಾವುದೂ ಗೋಡೆಯನ್ನು ಮುಟ್ಟುವುದಿಲ್ಲ, ನಾಳೆ ಬೇಡವೆಂದರೆ ತೆಗೆಯಬಹುದು. ನಿಮ್ಮ ಅಮ್ಮನನ್ನು ಮತ್ತೆ ಕರೆದುಕೊಂಡು ಹೋಗುವುದಾದರೆ ಮೂಲೆಯ ಮೇಜು ಕೇಳಿ, ಕೇಳಿಸುವ ಕಿವಿ ನಿಮ್ಮ ಕಡೆಗೆ, ಬೆನ್ನು ಪರದೆಯ ಕಡೆಗೆ ಇರುವಂತೆ ಕೂರಿಸಿ, ಜನ ಸೇರುವ ಮೊದಲು ಹೋಗಿ.

ಮೌನಪ್ರಿಯೆ

ಧನ್ಯವಾದ ಸರ್. ಮೂಲೆಯ ಮೇಜು ಅನ್ನುವುದು ಹೊಳೆದೇ ಇರಲಿಲ್ಲ. ನಾವೇ ಆಸೆಪಟ್ಟು ನಡುಮಧ್ಯದ ಮೇಜು ಕೇಳಿದ್ದೆವು, ಕಂಬಗಳೆಲ್ಲ ಕಾಣಲಿ ಅಂತ.

ಗಾಲಿಮೇಲೆ

ಒಂದು ಮಾತು ಸೇರಿಸಬೇಕು. ನಾನು ಗಾಲಿಕುರ್ಚಿಯಲ್ಲಿ ಓಡಾಡುವವಳು. "ಅಂತಸ್ತುಗಳು ತಗ್ಗು, ಎತ್ತರದ ಕಟ್ಟಡ" ಅಂತ ತೊಲೆಕಂಬ ಪ್ರೀತಿಯಿಂದ ಬರೆದಿದ್ದಾರಲ್ಲ, ಆ ಮೆಟ್ಟಿಲುಗಳೇ ನನಗೆ ಬಾಗಿಲು ಮುಚ್ಚುವುದು. ಕಲ್ಲುಗಳಿರುವುದು ಯಾವಾಗಲೂ ಮೇಲಿನ ಅಂತಸ್ತಿನಲ್ಲಿ, ಚೆಂದದ ಮೇಜುಗಳೂ ಅಲ್ಲೇ. ಒಂದು ಕಡೆ ಫೋನಿನಲ್ಲಿ "ಎಲ್ಲ ಅನುಕೂಲ ಇದೆ" ಅಂದರು. ಹೋದಮೇಲೆ ಗೊತ್ತಾಯಿತು, ಅನುಕೂಲ ಅಂದರೆ ಇಬ್ಬರು ಹುಡುಗರು ಕುರ್ಚಿ ಸಮೇತ ಎತ್ತಿಕೊಂಡು ಹೋಗುವುದು. ನಾನು ವಾಪಸು ಬಂದೆ.

ಈಗ ನಾನು ಬಿಡಿಸಿ ಕೇಳುತ್ತೇನೆ. ಬೀದಿಯಿಂದ ಮೇಜಿನವರೆಗೆ ಎಷ್ಟು ಮೆಟ್ಟಿಲು? ಬಾಗಿಲು ಎಷ್ಟು ಸೆಂಟಿಮೀಟರ್ ಅಗಲ? (ನನಗೆ ಕನಿಷ್ಠ 80 ಬೇಕು.) ಶೌಚಾಲಯ ಯಾವ ಅಂತಸ್ತಿನಲ್ಲಿ? ಹೊಸ್ತಿಲು ಎತ್ತರವಾ? ಸಂಖ್ಯೆ ಕೇಳಿದರೆ ಜನ ಎದ್ದು ಹೋಗಿ ಅಳೆದು ನೋಡಿ ಹೇಳುತ್ತಾರೆ.

ಆದರೆ ಒಂದು ಗಿರಣಿಯಲ್ಲಿ ನನಗೆ ಸಿಕ್ಕ ಜಾಗವನ್ನು ಮರೆಯಲಾರೆ. ನೆಲಮಟ್ಟದಲ್ಲಿ, ದೊಡ್ಡ ಹಲ್ಲುಗಾಲಿಗಳ ಪಕ್ಕ. ಗಾಜಿನಾಚೆ ನೀರಿನ ಚಕ್ರ ಮೆಲ್ಲಗೆ ತಿರುಗುತ್ತಿತ್ತು. ಮೇಲಿನವರಿಗೆ ಕಲ್ಲು ಕಾಣುತ್ತದೆ, ನನಗೆ ಆ ಕಲ್ಲನ್ನು ತಿರುಗಿಸಿದ ಶಕ್ತಿಯೇ ಕಾಣುತ್ತಿತ್ತು. ಒಂದು ಗಾಲಿ ಪೂರ್ತಿ ಕಬ್ಬಿಣ, ಇನ್ನೊಂದರಲ್ಲಿ ಮರದ ಹಲ್ಲುಗಳನ್ನು ಒಂದೊಂದಾಗಿ ಕೂರಿಸಿದ್ದರು. ಯಾಕೆ ಹಾಗೆ?

ಉಳಿಪೆಟ್ಟು

ಎಷ್ಟು ಸರಿಯಾಗಿ ನೋಡಿದ್ದೀರಿ! ಕಬ್ಬಿಣಕ್ಕೆ ಕಬ್ಬಿಣ ತಾಗಿದರೆ ಸದ್ದು ಜೋರು, ಏನಾದರೂ ಸಿಕ್ಕಿಕೊಂಡರೆ ಇಡೀ ಗಾಲಿ ಒಡೆದು ಹೋಗುತ್ತದೆ. ಒಂದರಲ್ಲಿ ಮರದ ಹಲ್ಲಿದ್ದರೆ ಮುರಿಯುವುದು ಆ ಒಂದು ಹಲ್ಲು ಮಾತ್ರ. ಕಿತ್ತು ಹೊಸದು ಹೊಡೆದರೆ ಮುಗಿಯಿತು. ಸೇಬಿನ ಮರ, ಹಾರ್ನ್‌ಬೀಮ್ ಮರ ಇದಕ್ಕೆ ಹೆಸರುವಾಸಿ.

ಮುಂದಿನ ಸಲ ಹೋದರೆ ಹಲ್ಲು ಎಣಿಸಿ. ಒಂದರಲ್ಲಿ 48 ಇದ್ದರೆ ಇನ್ನೊಂದರಲ್ಲಿ 12ರ ಬದಲು 11 ಅಥವಾ 13 ಇಟ್ಟಿರುತ್ತಾರೆ. ಲೆಕ್ಕ ಸಮವಾಗಿ ಭಾಗವಾದರೆ ಅದೇ ಹಲ್ಲಿಗೆ ಅದೇ ಹಲ್ಲು ಸದಾ ಸಿಗುತ್ತದೆ, ಒಂದರ ಓರೆ ಇನ್ನೊಂದನ್ನು ಕೊರೆಯುತ್ತದೆ. ಎರಡು ಲೆಕ್ಕವನ್ನೂ ಭಾಗಿಸುವ ಸಂಖ್ಯೆ 1 ಬಿಟ್ಟು ಬೇರೆ ಇಲ್ಲದಿದ್ದರೆ ಪ್ರತಿ ಹಲ್ಲೂ ಎಲ್ಲ ಹಲ್ಲುಗಳನ್ನೂ ಸರದಿಯಲ್ಲಿ ಮುಟ್ಟುತ್ತದೆ, ಸವೆತ ಎಲ್ಲರಿಗೂ ಸಮ ಹಂಚಿಕೆ.

ನೀರು ಚಕ್ರದ ಮೇಲಿನಿಂದ ಬೀಳುತ್ತಿತ್ತಾ, ಕೆಳಗಿನಿಂದ ತಳ್ಳುತ್ತಿತ್ತಾ? ಜಾನ್ ಸ್ಮೀಟನ್ ಎಂಬ ಎಂಜಿನಿಯರ್ ಮಾದರಿ ಚಕ್ರ ಮಾಡಿ ಅಳೆದು 1759ರಲ್ಲಿ ಲೆಕ್ಕ ಕೊಟ್ಟ: ಮೇಲಿನಿಂದ ಬೀಳುವ ನೀರಿನ ಶಕ್ತಿಯ ಸುಮಾರು ಮೂರರಲ್ಲಿ ಎರಡು ಪಾಲು ಕೆಲಸಕ್ಕೆ ಬರುತ್ತದೆ, ಕೆಳಗಿನಿಂದ ತಳ್ಳುವುದಾದರೆ ಮೂರರಲ್ಲಿ ಒಂದೇ ಪಾಲು.

ಗಾಲಿಮೇಲೆ

ಮೇಲಿನಿಂದ! ಚಕ್ರದ ಒಂದೊಂದು ತೊಟ್ಟಿಯೂ ತುಂಬಿ ಇಳಿಯುವುದನ್ನು ನೋಡುತ್ತಾ ಸೂಪು ಆರಿಹೋಗಿತ್ತು. ಹಲ್ಲು ಎಣಿಸಲು ಇನ್ನೊಮ್ಮೆ ಹೋಗುತ್ತೇನೆ.

ಒಲೆಮುಂದೆ

ಅಡುಗೆಮನೆ ಕಡೆಯಿಂದಲೂ ಒಂದಿಷ್ಟು ಕೇಳಿ ಮಾರಾಯ್ರೇ. ನಾಲ್ಕು ವರ್ಷ ಇಂಥದೇ ಕಟ್ಟಡದಲ್ಲಿ ಒಲೆ ಮುಂದೆ ನಿಂತಿದ್ದೇನೆ.

ನೆಲ ಎಲ್ಲೂ ಸಮ ಇರುವುದಿಲ್ಲ. ಶತಮಾನಗಟ್ಟಲೆ ಭಾರ ಹೊತ್ತು ಹಲಗೆ ಬಾಗಿರುತ್ತದೆ. ನಾವು ಪ್ರತಿ ಮೇಜಿನ ಕಾಲಿಗೂ ಬೆಣೆ ಇಟ್ಟು, ಯಾವ ಮೇಜಿಗೆ ಯಾವ ಬೆಣೆ ಅಂತ ಗುರುತು ಹಾಕಿದ್ದೆವು. ಹೊಗೆ ಕೊಳವೆಗೆ ಹೊಸ ರಂಧ್ರ ಕೊರೆಯುವ ಹಾಗಿರಲಿಲ್ಲ, ಹಿಂದೆ ಮೂಟೆ ಏರಿಸುತ್ತಿದ್ದ ಕಂಡಿಯಲ್ಲೇ ಹಾಯಿಸಬೇಕಾಯಿತು. ಒಲೆಯ ಮೇಲೆ ಅಷ್ಟೇ ಗಾಳಿ ಎಳೆಯುವುದರಿಂದ ಕೆಲವು ಅಡುಗೆಗಳನ್ನೇ ಕೈಬಿಟ್ಟೆವು. ತಿಂಡಿಪಟ್ಟಿ ಚಿಕ್ಕದು ಅಂತ ಬೈಯುವವರಿಗೆ ಇದು ಗೊತ್ತಿರುವುದಿಲ್ಲ. ಆ ಪಟ್ಟಿಯ ಅರ್ಧ ಬರೆದದ್ದು ಕಟ್ಟಡವೇ.

ನೀರಿನ ಪಕ್ಕದ ಕಟ್ಟಡ ಅಂದರೆ ತೇವ. ಹಿಟ್ಟು ತೇವ ಹೀರುತ್ತದೆ, ಮಳೆ ಹಿಡಿದರೆ ಬ್ರೆಡ್ಡಿನ ಹಿಟ್ಟಿಗೆ ನೀರು ಕಡಿಮೆ ಹಾಕಬೇಕು. ಬೆಳಿಗ್ಗೆ ಬಂದವನೇ ನಾನು ಮೊದಲು ಕಿಟಕಿಯ ಕಲ್ಲು ಮುಟ್ಟಿ ನೋಡುತ್ತಿದ್ದೆ, ಬೆವತಿದ್ದರೆ ಒಂದು ಲೋಟ ಕಡಿತ. ಕಲ್ಲಿನಲ್ಲಿ ಬೀಸಿದ ಹಿಟ್ಟು ತರಿಸುತ್ತಿದ್ದೆವು. ಅದರಲ್ಲಿ ಕಾಳಿನ ಮೊಳಕೆಭಾಗವೂ ಸೇರಿರುತ್ತದೆ, ಅದರ ಎಣ್ಣೆಯಿಂದಲೇ ಆ ಪರಿಮಳ. ಅದೇ ಎಣ್ಣೆಯಿಂದ ಬೇಗ ಕಮಟು ಹಿಡಿಯುತ್ತದೆ ಕೂಡ, ಹಾಗಾಗಿ ಸ್ವಲ್ಪಸ್ವಲ್ಪವೇ ತರಿಸಬೇಕು. 1880ರ ದಶಕದಲ್ಲಿ ಉಕ್ಕಿನ ರೋಲರುಗಳು ಕಲ್ಲನ್ನು ಓಡಿಸಿದ್ದಕ್ಕೆ ಒಂದು ಕಾರಣ ಇದೇ: ರೋಲರು ಮೊಳಕೆಯನ್ನು ಬೇರ್ಪಡಿಸುತ್ತದೆ, ಹಿಟ್ಟು ತಿಂಗಳುಗಟ್ಟಲೆ ಕೆಡದೆ ದೂರ ಪ್ರಯಾಣ ಮಾಡುತ್ತದೆ.

ಬೆಂಕಿಯ ಭಯದ ಬಗ್ಗೆ ತೊಲೆಕಂಬ ಹೇಳಲಿ. ನಾನು ದಿನಾ ಆ ತೊಲೆಗಳನ್ನು ನೋಡಿ ಹೆದರುತ್ತಿದ್ದೆ.

ತೊಲೆಕಂಬ

ದಪ್ಪ ತೊಲೆಗೆ ಅಷ್ಟು ಹೆದರಬೇಡಿ. ಬೆಂಕಿ ತಗುಲಿದಾಗ ಹೊರಮೈ ಇದ್ದಿಲಾಗುತ್ತದೆ, ಆ ಇದ್ದಿಲೇ ಒಳಗಿನ ಮರಕ್ಕೆ ಕಂಬಳಿ. ಬೆಂಕಿ ಒಳಕ್ಕೆ ಸಾಗುವುದು ನಿಮಿಷಕ್ಕೆ ಒಂದು ಮಿಲಿಮೀಟರಿಗೂ ಕಡಿಮೆ. ಹೊದಿಕೆಯಿಲ್ಲದ ಕಬ್ಬಿಣ ಕಾದರೆ ಅದಕ್ಕಿಂತ ಮೊದಲೇ ಕೈಕೊಡಬಹುದು. ಹೆದರಬೇಕಾದದ್ದು ತೆಳು ಹಲಗೆಗೆ, ಅಂತಸ್ತಿನಿಂದ ಅಂತಸ್ತಿಗೆ ಕಾಳು ಇಳಿಸಲು ಬಿಟ್ಟ ರಂಧ್ರಗಳಿಗೆ. ಬೆಂಕಿ ಏರುವುದು ಅವುಗಳಲ್ಲೇ. ಅವನ್ನು ಮುಚ್ಚಿಸಿದ್ದಾರಾ ಅಂತ ನೋಡಿ. ವೆನಿಸ್ಸಿನ ಮೊಲಿನೋ ಸ್ಟಕಿ ಎಂಬ ಭಾರೀ ಹಿಟ್ಟಿನ ಗಿರಣಿಗೆ 2003ರಲ್ಲಿ, ಇನ್ನೂ ಹೋಟೆಲಾಗಿ ಮಾರ್ಪಾಡು ನಡೆಯುತ್ತಿದ್ದಾಗಲೇ ಬೆಂಕಿ ಬಿತ್ತು. ಮತ್ತೆ ಕಟ್ಟಿ 2007ರಲ್ಲಿ ತೆರೆದರು.

ಅದೇ ವೆನಿಸ್ಸಿನಲ್ಲಿ 1964ರಲ್ಲಿ ಒಪ್ಪಿದ, ಹಳೆಯ ಕಟ್ಟಡಗಳನ್ನು ಉಳಿಸುವ ಕುರಿತ ಸನ್ನದಿನ ಐದನೇ ವಿಧಿ ನಮ್ಮಂಥವರಿಗೆಲ್ಲ ಬಾಯಿಪಾಠ. ಹಳೆಯ ಕಟ್ಟಡವನ್ನು ಸಮಾಜಕ್ಕೆ ಉಪಯೋಗವಾಗುವಂತೆ ಬಳಸುವುದು ಅದನ್ನು ಉಳಿಸಲು ಒಳ್ಳೆಯ ದಾರಿ, ಆದರೆ ಆ ಬಳಕೆ ಕಟ್ಟಡದ ವಿನ್ಯಾಸವನ್ನು, ಅಲಂಕಾರವನ್ನು ಬದಲಿಸಬಾರದು. ಊಟದ ಮನೆ ಇದಕ್ಕೆ ಹೇಳಿ ಮಾಡಿಸಿದ ಬಳಕೆ ಅಂತ ನಾನು ನಂಬಿದ್ದೇನೆ. ದಿನಾ ಒಲೆ ಉರಿಯುತ್ತದೆ, ಕಿಟಕಿ ತೆರೆಯುತ್ತಾರೆ, ಸೋರಿದ ದಿನವೇ ಸೋರಿದ್ದು ಗೊತ್ತಾಗುತ್ತದೆ. ಬೀಗ ಹಾಕಿದ ಗಿರಣಿಯಲ್ಲಿ ಒಂದು ಹೆಂಚು ಜಾರಿದರೆ ಮೂರು ಮಳೆಗಾಲದಲ್ಲಿ ತೊಲೆಯ ತುದಿ ಕೊಳೆಯುತ್ತದೆ.

ಬೆಳಕಿಂಡಿ

ಆದರೆ ಹಲ್ಲುಗಾಲಿಗೆ ಚಿನ್ನದ ಬಣ್ಣ ಬಳಿದು, ಕಲ್ಲನ್ನು ಹೊಸ್ತಿಲಿಗೆ ಸಿಮೆಂಟಿನಲ್ಲಿ ಹೂತು, ಗೋಡೆ ತುಂಬ ಬೇರೆಲ್ಲಿಂದಲೋ ತಂದ ಹಳೆಯ ಸಾಮಾನು ನೇತುಹಾಕಿದ ಕಡೆಯೂ ನಾನು ಊಟ ಮಾಡಿದ್ದೇನೆ. ಅಲ್ಲಿ ಏನು ಗಿರಣಿಯದು, ಏನು ಸಂತೆಯದು ಅಂತ ಗೊತ್ತೇ ಆಗಲಿಲ್ಲ. ಕಾರ್ಡಿನಲ್ಲಿ ತಪ್ಪು ಬರೆಯುವುದೂ ಇದೇ ಜಾತಿ ಅಲ್ಲವೇ?

ಉಳಿಪೆಟ್ಟು

ಬಣ್ಣ ಬಳಿದದ್ದು ನನಗೂ ನೋವು. ತಪ್ಪು ಕಾರ್ಡು ಬೇರೆ, ಅದನ್ನು ತಿದ್ದಬಹುದು. ಗಂಟೆಯನ್ನು ಬಿಚ್ಚಿ ಮಾರಲಿಲ್ಲವಲ್ಲ, ಚರ್ಮದ ಪಟ್ಟಿ ಸಮೇತ ಇದ್ದಲ್ಲೇ ಬಿಟ್ಟಿದ್ದಾರೆ. ಮಳೆಹಾದಿಯವರೇ, ಹೋಗಿ ಹೇಳಿ ಬನ್ನಿ.

ಮಳೆಹಾದಿ

ಹೋಗಿದ್ದೆ! ನಿನ್ನೆ ಮಧ್ಯಾಹ್ನ, ಜನ ಕಡಿಮೆ ಇರುವ ಹೊತ್ತು ನೋಡಿಕೊಂಡು.

ಮಾಲೀಕರು ಮೊದಲು ಬೇಸರ ಮಾಡಿಕೊಳ್ಳುತ್ತಾರೇನೋ ಅಂದುಕೊಂಡಿದ್ದೆ. ಅವರು ಉಳಿಪೆಟ್ಟು ಬರೆದದ್ದನ್ನು ನಿಂತೇ ಓದಿದರು, ಓದಿ ಏಣಿ ತಂದರು. ತೊಟ್ಟಿಯೊಳಗೆ ತೋಳು ಹಾಕಿ ತಡಕಾಡಿ ಪಟ್ಟಿಯ ತುದಿ ಹಿಡಿದು, "ಇಲ್ಲಿದೆ, ಆಚೆ ಗೋಡೆಗೆ ಮೊಳೆ ಹೊಡೆದಿದ್ದಾರೆ" ಅಂದರು. ಅಡುಗೆಮನೆಯಿಂದ ಗೋಧಿಯ ಚೀಲ ಬಂತು. ಅದು ಬೀಳುತ್ತಿದ್ದ ಹಾಗೆ ಪಟ್ಟಿ ಕೆಳಗೆ ಜಗ್ಗಿತು, ಗಂಟೆ ನಾಲ್ಕು ಬೆರಳು ಮೇಲೆದ್ದಿತು. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ.

ಕಲ್ಲು ತಿರುಗುವ ಸ್ಥಿತಿಯಲ್ಲಿಲ್ಲ. ಅವರು ಜಾರುತಟ್ಟೆಯ ಕೆಳಗೆ ಪಾತ್ರೆ ಹಿಡಿದು ಕೈಯಲ್ಲೇ ಕುಲುಕತೊಡಗಿದರು. ಕಾಳು ಸರಸರ ಇಳಿಯಿತು. ಏಳೆಂಟು ನಿಮಿಷ ಏನೂ ಆಗಲಿಲ್ಲ. ಆಮೇಲೆ ಗಂಟೆ ಮೆಲ್ಲಗೆ, ಯಾರೋ ಕೈಬಿಟ್ಟ ಹಾಗೆ, ಇಳಿದು ತಟ್ಟೆಗೆ ತಾಗಿ ಕಿಣಿಕಿಣಿ ಅಂದಿತು. ಮೂರು ಮೇಜಿನ ಜನ ತಿರುಗಿ ನೋಡಿದರು. ಬಡಿಸುವ ಹುಡುಗಿ ಓಡಿ ಬಂದು ಇನ್ನೊಮ್ಮೆ ಮಾಡಿ ಅಂದಳು. ಮೂರು ಸಲ ಮಾಡಿದರು.

ಕಾರ್ಡು ಬದಲಿಸುತ್ತಾರಂತೆ, ಬರೆದುಕೊಡಿ ಅಂತ ನನ್ನನ್ನೇ ಕೇಳಿದ್ದಾರೆ. ಇಷ್ಟು ಬರೆದಿದ್ದೇನೆ, ತಪ್ಪಿದ್ದರೆ ತಿದ್ದಿ:

"ಈ ಗಂಟೆ ಕಾಳು ಮುಗಿಯುತ್ತಿದೆ ಎಂದು ಹೇಳುತ್ತಿತ್ತು. ತೊಟ್ಟಿ ತುಂಬಿದ್ದಾಗ ಕಾಳಿನ ಭಾರ ಇದನ್ನು ಸುಮ್ಮನಿರಿಸುತ್ತಿತ್ತು. ತೊಟ್ಟಿ ಬರಿದಾಗುವ ಹೊತ್ತಿಗೆ ಇದು ಬಾರಿಸಿ, ಕಲ್ಲಿಗೆ ಕಲ್ಲು ತಾಗಿ ಕಿಡಿ ಏಳುವ ಮೊದಲೇ ಗಿರಣಿಯವರನ್ನು ಕರೆಯುತ್ತಿತ್ತು."

ಗಾಲಿಮೇಲೆ ಅವರೇ, ನಿಮ್ಮ ಪ್ರಶ್ನೆಗಳನ್ನೂ ಕೇಳಿ ಬಂದೆ. ಬೀದಿಯಿಂದ ಎರಡು ಮೆಟ್ಟಿಲು, ಬಾಗಿಲು 86 ಸೆಂಟಿಮೀಟರ್, ಶೌಚಾಲಯ ನೆಲಮಟ್ಟದಲ್ಲೇ. ಮೆಟ್ಟಿಲಿಗೆ ಹಲಗೆಯ ಇಳಿಜಾರು ಇದೆ, ಒಳಗೆ ಎತ್ತಿಟ್ಟಿರುತ್ತಾರೆ, ಮುಂಚೆ ಹೇಳಿದರೆ ಹಾಕುತ್ತಾರೆ. ಆದರೆ ಕಲ್ಲಿನ ಅಂತಸ್ತಿಗೆ ಲಿಫ್ಟ್ ಇಲ್ಲ. ಕೆಳಗೆ ಹಲ್ಲುಗಾಲಿಗಳ ಪಕ್ಕ ಎರಡು ಮೇಜುಗಳಿವೆ.

ಗಾಲಿಮೇಲೆ

ಅಳೆಸಿದಿರಾ! ಆ ಎರಡರಲ್ಲಿ ಒಂದು ನನ್ನದು. ಗಂಟೆಯ ಸದ್ದು ಕೆಳಗೆ ಕೇಳಿಸುತ್ತದಾ?

ಮಳೆಹಾದಿ

ಕೇಳಿಸುತ್ತದೆ. ಕೆಳಗೆ ಕೂತಿದ್ದ ಅಜ್ಜಿಯೊಬ್ಬರು ಏನದು ಅಂತ ಕೇಳಲು ಮೆಟ್ಟಿಲ ಬುಡಕ್ಕೆ ಬಂದಿದ್ದರು.

ಉಳಿಪೆಟ್ಟು

ಕಾರ್ಡು ಸರಿಯಾಗಿದೆ, ಒಂದಕ್ಷರ ಬದಲಿಸಬೇಡಿ. ಪಟ್ಟಿ ಬಿರುಕುಬಿಟ್ಟಿದೆ ಅಂದಿದ್ದಿರಿ. ಇನ್ನು ಕಾಳು ಸುರಿಯುವ ಮೊದಲು ಅದಕ್ಕೆ ಚರ್ಮದ ಎಣ್ಣೆ ತೆಳುವಾಗಿ ಎರಡು ಮೂರು ಸಲ ಉಜ್ಜಿ, ಒಂದು ದಿನ ಬಿಡಲು ಹೇಳಿ. ಕಾಳಿನೊಳಗೆ ಹೂತಿರುವ ತುದಿಗೆ ಮಾತ್ರ ಬೇಡ, ಅಲ್ಲಿ ಎಣ್ಣೆ ಇದ್ದರೆ ಗೋಧಿಗೆ ವಾಸನೆ ಹಿಡಿಯುತ್ತದೆ.